ತೆಗೆದ ಮೇಲೆ ಬೆಳೆಯುವ ಚಿತ್ರ

ಛಾಯಾಚಿತ್ರವನ್ನು ಒಮ್ಮೆ ತೆಗೆದರಾಯಿತು. ಅಲ್ಲಿಂದ ಮುಂದೆ ಅದು ಬೆಳೆಯುವುದಿಲ್ಲ. ಅಜ್ಜಿಯ ಮದುವೆಯ ದಿನ ಅಂಗೈಯಗಲವಿದ್ದ ಪಟ ಮೊಮ್ಮಗಳ ಮದುವೆಯ ದಿನವೂ ಅಂಗೈಯಗಲವೇ. ಆದರೆ ಗಣಕಯಂತ್ರಗಳ ಲೋಕದಲ್ಲಿ ಇದಕ್ಕೆ ವ್ಯತಿರಿಕ್ತವಾದ ಒಂದು ಚಿತ್ರವುಂಟು. ತೆಗೆದ ಕ್ಷಣದಲ್ಲಿ ಅದಕ್ಕೆ ಜಾಗವೇ ಬೇಡವೆನ್ನಬಹುದು. ತೆಗೆದ ಮೇಲೆ ಅದು ದಿನದಿನಕ್ಕೂ ಬೆಳೆಯತೊಡಗುತ್ತದೆ. ‘ಸ್ನ್ಯಾಪ್‌ಶಾಟ್’ ಎಂಬುದೇ ಅದರ ಹೆಸರು.

ಒಂದೇ ಯಂತ್ರದ ಒಡಲಲ್ಲಿ ಅನೇಕ ಯಂತ್ರಗಳಿರುವಂತೆ ನಡೆಸುವ ಉಪಾಯ ಹೊಸದಲ್ಲ. ಐಬಿಎಂ ಸಂಸ್ಥೆ 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗೆ ಅಂಥ ವ್ಯವಸ್ಥೆಯನ್ನು ಪ್ರಕಟಿಸಿತ್ತು. 1999ರಲ್ಲಿ ವಿಎಂವೇರ್ ಸಂಸ್ಥೆ ಅದನ್ನು ಸಾಮಾನ್ಯ ಗಣಕಗಳಿಗೂ ತಂದಿತು. ಇಂಥ ತೋರಿಕೆಯ ಯಂತ್ರಕ್ಕೆ, ಎಂದರೆ ‘ವರ್ಚುವಲ್’ ಯಂತ್ರಕ್ಕೆ, ತನ್ನದೇ ಆದ ಡಿಸ್ಕು ಇರುವಂತೆ ಕಾಣುತ್ತದೆ. ವಾಸ್ತವವಾಗಿ ಅದು ನಿಜವಾದ ಡಿಸ್ಕಿನಲ್ಲಿ ಕುಳಿತಿರುವ ಒಂದು ದೊಡ್ಡ ಕಡತ, ಅಷ್ಟೆ.

ಸ್ನ್ಯಾಪ್‌ಶಾಟ್ ತೆಗೆಯುವಾಗ ಆ ಕಡತದ ನಕಲು ಆಗುತ್ತದೆಂದು ಅನೇಕರ ನಂಬಿಕೆ. ನಿಜಸ್ಥಿತಿ ಬೇರೆ. ಶ್ಯಾನುಭೋಗರೊಬ್ಬರು ತಮ್ಮ ಲೆಕ್ಕದ ಪುಸ್ತಕವನ್ನು ಒಂದು ದಿನ ಪೆಟ್ಟಿಗೆಯಲ್ಲಿಟ್ಟು, ‘ಇಂದಿನಿಂದ ಇದರಲ್ಲಿ ಯಾರೂ ಬರೆಯಕೂಡದು; ತಿದ್ದುಪಡಿಗಳೆಲ್ಲ ಬಿಡಿ ಹಾಳೆಗಳ ಮೇಲೆ ಬರಲಿ’ ಎಂದು ವಿಧಿಸಿದಂತೆ ಅದು. ಹಳೆಯ ಪುಸ್ತಕ ಮುಟ್ಟದೆ ಉಳಿಯುತ್ತದೆ. ಬೆಳೆಯುವುದು ಬಿಡಿ ಹಾಳೆಗಳ ಕಟ್ಟು. ಕೆಲಸ ಕೆಟ್ಟರೆ ಹಾಳೆಗಳನ್ನು ಎಸೆದು ಹಳೆಯ ಪುಸ್ತಕಕ್ಕೆ ಮರಳಬಹುದು. ಎಲ್ಲವೂ ಸುಸೂತ್ರವಾದರೆ ಅವುಗಳನ್ನು ಪುಸ್ತಕಕ್ಕೆ ಏರಿಸಿಬಿಡಬಹುದು.

ಆದುದರಿಂದ, ‘ಎಷ್ಟು ಜಾಗ ಬೇಕು?’ ಎಂಬ ಪ್ರಶ್ನೆಗೆ ಉತ್ತರ ಪುಸ್ತಕದ ಗಾತ್ರದಲ್ಲಿಲ್ಲ. ದಿನಕ್ಕೆ ಎಷ್ಟು ತಿದ್ದುಪಡಿ, ಎಷ್ಟು ದಿನ ಇಡಬೇಕು ಎಂಬ ಎರಡು ಸಂಗತಿಗಳಲ್ಲಿದೆ.

ಒಂದು ಆಸ್ಪತ್ರೆಯನ್ನು ಊಹಿಸಿಕೊಳ್ಳಬಹುದು. ರೋಗಿಗಳ ದಾಖಲೆ, ಔಷಧಗಳ ಲೆಕ್ಕ ಮೊದಲಾದುವನ್ನು ಎಂಟು ವರ್ಚುವಲ್ ಯಂತ್ರಗಳು ನೋಡಿಕೊಳ್ಳುತ್ತಿವೆ. ಒಂದೊಂದರ ಡಿಸ್ಕು 200 ಗಿಗಾಬೈಟ್, ಒಟ್ಟು 1600. ಉಗ್ರಾಣದಂತಿರುವ ನಿಜವಾದ ಡಿಸ್ಕಿನ ಅಳತೆ 2000. ಉಳಿದಿರುವ ಜಾಗ 400. ಶನಿವಾರ ರಾತ್ರಿ ಹೊಸ ತಂತ್ರಾಂಶವನ್ನು ಅಳವಡಿಸಬೇಕಾಗಿದೆ. ಅದಕ್ಕೆ ಮೊದಲು ಸ್ನ್ಯಾಪ್‌ಶಾಟ್ ತೆಗೆದು ಮೂರು ದಿನ ಇಡಬೇಕೆಂದು ಅಲ್ಲಿನ ತಂತ್ರಜ್ಞನ ಯೋಚನೆ.

ಒಂದೊಂದು ಯಂತ್ರದಲ್ಲಿಯೂ ದಿನಕ್ಕೆ ನೂರಕ್ಕೆ 5ರಷ್ಟು, ಎಂದರೆ 10 ಗಿಗಾಬೈಟ್ ಬದಲಾಗುವುದಾದರೆ ಎಂಟಕ್ಕೂ ಸೇರಿ 80. ಮೂರು ದಿನಕ್ಕೆ 240. ಅನಿರೀಕ್ಷಿತ ಸಂದರ್ಭಕ್ಕೆಂದು ಅದರ ಕಾಲು ಭಾಗ, 60, ಸೇರಿಸಿದರೆ 300. ಇಷ್ಟಾದರೆ ಚಿಂತೆಯಿಲ್ಲ. ಆದರೆ ಓಡುತ್ತಿರುವ ಯಂತ್ರದ ಸ್ಮೃತಿಯನ್ನೂ ಸೆರೆಹಿಡಿಯಬೇಕೆಂದರೆ, ಯಂತ್ರಕ್ಕೆ 16 ಗಿಗಾಬೈಟಿನಂತೆ ಇನ್ನೂ 128 ಬೇಕು. ಒಟ್ಟು 428! ಇರುವುದು 400. ಕಾಗದದ ಮೇಲೆ ಈ ನಾಲ್ಕು ಸಾಲು ಬರೆದವನು ಸ್ಮೃತಿಯ ಚಿತ್ರವನ್ನು ಕೈಬಿಡುತ್ತಾನೆ, ಇಲ್ಲವೇ ಎರಡು ದಿನಕ್ಕೇ ಮುಗಿಸುತ್ತಾನೆ. ಬರೆಯದವನು ಅದೃಷ್ಟವನ್ನು ನೆಚ್ಚುತ್ತಾನೆ.

ದಿನದ ತಿದ್ದುಪಡಿಯನ್ನು ತಿಳಿಯುವ ಬಗೆ ಹೇಗೆಂದು ವಾಚಕರು ಕೇಳಬಹುದು. ಒಂದು ಸ್ನ್ಯಾಪ್‌ಶಾಟ್ ತೆಗೆದು, ಮಾರನೆಯ ದಿನ ಅದರ ಗಾತ್ರವನ್ನು ಅಳೆಯುವುದೇ ಸುಲಭ ಮಾರ್ಗ. ಇದನ್ನು ಕೆಲಸ ಹೆಚ್ಚಿರುವ ದಿನವೇ ಮಾಡಬೇಕು. ಭಾನುವಾರದ ಅಳತೆ ಸೋಮವಾರಕ್ಕೆ ಸಲ್ಲದು. ಡಿಸ್ಕಿನ ಒಂದೇ ಭಾಗವನ್ನು ನೂರು ಸಲ ತಿದ್ದಿದರೂ ಅದು ಒಂದೇ ಹಾಳೆ. ಆದುದರಿಂದ ನಿಜವಾದ ಬೆಳವಣಿಗೆ ಕೆಲವೊಮ್ಮೆ ಗುಣಾಕಾರಕ್ಕಿಂತ ಕಡಿಮೆಯಾದೀತು. ಆದರೆ ಡಿಸ್ಕಿನೊಳಗಣ ಕಡತಗಳನ್ನು ಓರಣವಾಗಿ ಜೋಡಿಸುವ ಕೆಲಸಕ್ಕೆ ಯಾರಾದರೂ ಕೈಹಾಕಿದರೆ, ಮಾಹಿತಿ ಹೊಸದಲ್ಲದಿದ್ದರೂ ಸ್ಥಾನ ಬದಲಾಗಿ ಹಾಳೆಗಳ ರಾಶಿಯೇ ಬೀಳುತ್ತದೆ. ಕಡತಗಳನ್ನು ಅಳಿಸಿದರೂ ಸ್ನ್ಯಾಪ್‌ಶಾಟ್ ಕುಗ್ಗುವುದಿಲ್ಲ. ಹಳೆಯದು ಪೆಟ್ಟಿಗೆಯಲ್ಲಿ ಭದ್ರವಾಗಿಯೇ ಇರುತ್ತದಲ್ಲವೆ?

ಬೆಳವಣಿಗೆಗೆ ಒಂದು ಮೇರೆಯುಂಟು. ಡಿಸ್ಕಿನ ಪ್ರತಿಯೊಂದು ಭಾಗವೂ ಬದಲಾದ ಮೇಲೆ ಬದಲಾಗಲು ಇನ್ನೇನೂ ಉಳಿಯದು. ಹೀಗೆ ಒಂದು ಸ್ನ್ಯಾಪ್‌ಶಾಟ್ ಸುಮಾರಾಗಿ ಮೂಲ ಡಿಸ್ಕಿನಷ್ಟೇ ಆಗಬಲ್ಲುದು. ಆದರೆ ಒಂದರ ಮೇಲೊಂದು ತೆಗೆದರೆ ಪ್ರತಿಯೊಂದಕ್ಕೂ ಅದೇ ಮೇರೆ. ವಿಎಂವೇರ್ ವ್ಯವಸ್ಥೆಯಲ್ಲಿ 32ರವರೆಗೆ ಸರಪಳಿ ಕಟ್ಟಬಹುದಾದರೂ, ಎರಡು ಮೂರಕ್ಕಿಂತ ಹೆಚ್ಚು ಬೇಡ, ಒಂದನ್ನು 72 ಗಂಟೆಗಳಿಗಿಂತ ಹೆಚ್ಚು ಕಾಲ ಇಡುವುದೂ ಬೇಡ ಎಂದು ಆ ಸಂಸ್ಥೆಯೇ ಹೇಳುತ್ತದೆ.

ಅಪಾಯವಿರುವುದು ಬಹುಮಟ್ಟಿಗೆ ಮರೆವಿನಲ್ಲಿ. ಆಸ್ಪತ್ರೆಯ ಕೆಲಸ ಚೆನ್ನಾಗಿಯೇ ಮುಗಿಯಿತು. ಸ್ನ್ಯಾಪ್‌ಶಾಟ್ ಇದೆಯೆಂಬುದನ್ನೇ ತಂತ್ರಜ್ಞ ಮರೆತನೆನ್ನಿ. ದಿನಕ್ಕೆ 80ರಂತೆ 400 ಗಿಗಾಬೈಟ್ ತುಂಬಲು ಐದೇ ದಿನ ಸಾಕು. ಗುರುವಾರ ರಾತ್ರಿ ಉಗ್ರಾಣ ಭರ್ತಿಯಾಗುತ್ತದೆ. ಬರೆಯಲು ಎಡೆಯಿಲ್ಲದ ಯಂತ್ರಗಳು ನಿಂತಲ್ಲೇ ನಿಲ್ಲುತ್ತವೆ. ಹಾಳೆಗಳನ್ನು ಪುಸ್ತಕಕ್ಕೆ ಏರಿಸಿ ಜಾಗ ಬಿಡಿಸೋಣವೆಂದರೆ, ಆ ಕೆಲಸ ನಡೆಯುವಾಗಲೂ ಕೊಂಚ ಜಾಗ ಬೇಕು! ಹೊರಗೆ ರೋಗಿಯೊಬ್ಬನ ಹಳೆಯ ಔಷಧಪಟ್ಟಿಗಾಗಿ ದಾದಿ ಕಾದು ನಿಂತಿದ್ದಾಳೆ.

ಸ್ನ್ಯಾಪ್‌ಶಾಟ್ ಇದೆಯೆಂದು ಬೇರೆ ಪ್ರತಿಯನ್ನು ತೆಗೆದಿಡದಿರುವುದೂ ತಪ್ಪೇ. ಪುಸ್ತಕ, ಹಾಳೆ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ, ಪೆಟ್ಟಿಗೆ ಸುಟ್ಟ ದಿನ ಎರಡೂ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಇಲ್ಲಿ ಕಾಲು ರಾತ್ರಿಯಿಡೀ ಬೆಳೆಯುತ್ತಿರುತ್ತದೆ. ಹಾಸಿಗೆಯನ್ನು ಅಳೆದರೆ ಸಾಲದು. ಏಳುವ ಹೊತ್ತನ್ನೂ ಗೊತ್ತುಮಾಡಿಕೊಂಡೇ ಮಲಗಬೇಕು.