ರೆಸಾರ್ಟಿನ ಹಸಿರು ಎಲೆಗೆ ಕೆಳಗಿನ ತೋಟದವನ ಸಹಿ ಬೇಕು

ನಮ್ಮ ಹಳ್ಳದ ಮೇಲ್ಗಡೆ ಒಂದು ರೆಸಾರ್ಟ್ ಇದೆ. ಹೆಸರು ಬೇಡ, ಜಗಳ ಮಾಡಲಿಕ್ಕೆ ಇದನ್ನು ಬರೆಯುತ್ತಿಲ್ಲ. ಗೇಟಿನ ಬೋರ್ಡಿನಲ್ಲಿ ಎರಡು ಹಸಿರು ಎಲೆ ಬಿಡಿಸಿ ‘ಪರಿಸರಸ್ನೇಹಿ’ ಎಂದು ಬರೆಸಿದ್ದಾರೆ. ಬೇಸಿಗೆ ರಜೆಯಲ್ಲಿ ಶನಿವಾರ ರಾತ್ರಿ ಅಲ್ಲಿ ಹಾಡು ಜೋರಾಯಿತೆಂದರೆ ರವಿವಾರ ಮಧ್ಯಾಹ್ನ ನಮ್ಮ ಹಳ್ಳದಲ್ಲಿ ನೊರೆ. ತೋಟಕ್ಕೆ ನೀರು ತಿರುಗಿಸುವ ಕಟ್ಟಿನ ಹತ್ತಿರ ನಿಂತರೆ ಸಾಬೂನಿನ ವಾಸನೆ. ಮೊದಲ ಸಲ ಕಂಡಾಗ ಮೇಲೆ ಯಾರೋ ಬಟ್ಟೆ ಒಗೆದಿರಬೇಕು ಅಂದುಕೊಂಡೆ. ಮೂರು ವಾರ ಹಾಗೇ ಆದಮೇಲೆ ಹೋಗಿ ಕೇಳಿಯೇಬಿಟ್ಟೆ.

ಮ್ಯಾನೇಜರ್ ಹುಬ್ಬಳ್ಳಿ ಕಡೆಯ ಹುಡುಗ, ಒಳ್ಳೆಯವನೇ. ಕೂರಿಸಿ ಚಹಾ ಕೊಟ್ಟ. “ನಮ್ದು ಎಲ್ಲಾ ಇಕೋ ಫ್ರೆಂಡ್ಲಿ ಐತ್ರೀ ಕಾಕಾ” ಅಂದ. ಕೋಣೆಯೊಳಗೆ ಅಂಟಿಸಿದ ಚೀಟಿ ತೋರಿಸಿದ. ಟವೆಲ್ ದಿನಾ ಒಗೆಯಲು ಹಾಕಬೇಡಿ, ನೀರು ಉಳಿಸಿ ಎಂದಿತ್ತು. ಒಗೆದ ನೀರು ಎಲ್ಲಿಗೆ ಹೋಗ್ತದೆ ಅಂತ ಕೇಳಿದೆ. ಗುಂಡಿಗೆ ಅಂದ. ಗುಂಡಿ ತುಂಬಿದರೆ? “ಅದು ಮಾಲಕ್ರಿಗೆ ಗೊತ್ರೀ” ಎಂದು ನಕ್ಕ. ಮಾಲಕರು ಬೆಂಗಳೂರಿನಲ್ಲಿರುತ್ತಾರೆ.

ಈ ಟವೆಲ್ ಚೀಟಿಗೆ ಒಂದು ಚರಿತ್ರೆಯೇ ಇದೆ. ಅಮೆರಿಕದ ಜೇ ವೆಸ್ಟರ್‌ವೆಲ್ಡ್ ಎಂಬವರು ಫಿಜಿ ದ್ವೀಪದ ಒಂದು ರೆಸಾರ್ಟಿನಲ್ಲಿ ಇಂಥದೇ ಚೀಟಿ ನೋಡಿದರು. ಕಡಲು ಉಳಿಸಲು ಟವೆಲನ್ನು ಮತ್ತೆ ಬಳಸಿ ಎಂದು ಅದರಲ್ಲಿತ್ತಂತೆ. ಅದೇ ಹೊತ್ತಿಗೆ ಆ ರೆಸಾರ್ಟು ಹೊಸ ಕಟ್ಟಡ ಕಟ್ಟಿ ಬೆಳೆಯುತ್ತಿತ್ತು. 1986ರಲ್ಲಿ ಅವರು ಲೇಖನ ಬರೆದು ‘ಗ್ರೀನ್‌ವಾಷ್’ ಎಂಬ ಮಾತು ಹುಟ್ಟುಹಾಕಿದರು. ಸುಣ್ಣ ಬಳಿದರೆ ವೈಟ್‌ವಾಷ್, ಹಸಿರು ಬಳಿದರೆ ಗ್ರೀನ್‌ವಾಷ್. ದಾಂಡೇಲಿಯಿಂದ ಗಣೇಶಗುಡಿಗೆ ಹೋಗುವ ರಸ್ತೆಯಲ್ಲಿ ಬೋರ್ಡುಗಳನ್ನು ಓದುತ್ತ ಹೋದರೆ ಬಳಿಯುವ ಕೆಲಸ ಎಷ್ಟಿದೆ ಎಂದು ತಿಳಿಯುತ್ತದೆ. ನಿಜವಾಗಿ ಒಳ್ಳೆಯ ವ್ಯವಸ್ಥೆ ಮಾಡಿಕೊಂಡವರೂ ಇದ್ದಾರೆ. ರಸ್ತೆಯಲ್ಲಿ ನಿಂತು ನೋಡಿದವನಿಗೆ ಯಾರು ಯಾವ ಕಡೆ ಎಂದು ಗೊತ್ತಾಗುವುದಿಲ್ಲ, ತಾಪತ್ರಯ ಅದೇ.

ಹಾಗಾದರೆ ಸರ್ಟಿಫಿಕೇಟ್ ಇದ್ದವರನ್ನು ನಂಬಬಹುದೋ? ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ‘ಸ್ವಚ್ಛತಾ ಗ್ರೀನ್ ಲೀಫ್ ರೇಟಿಂಗ್’ ಎಂಬುದನ್ನು ತಂದಿದೆ. ಹೋಟೆಲು, ರೆಸಾರ್ಟ್, ಹೋಂಸ್ಟೇ, ಧರ್ಮಶಾಲೆ ಎಲ್ಲಕ್ಕೂ. ಕಡ್ಡಾಯವಲ್ಲ, ಬೇಕಾದವರು ಅರ್ಜಿ ಹಾಕಬಹುದು. ಒಟ್ಟು 200 ಅಂಕ. ಕಸದ ವಿಲೇವಾರಿಗೆ 80, ಶೌಚಗುಂಡಿಯ ವ್ಯವಸ್ಥೆಗೆ 80, ಬಚ್ಚಲ-ಅಡುಗೆಮನೆ ನೀರಿಗೆ 40. ಅಂಕ ನೋಡಿಕೊಂಡು ಒಂದು ಎಲೆ, ಮೂರು ಎಲೆ ಅಥವಾ ಐದು ಎಲೆ. ಮೊದಲು ಮಾಲೀಕ ತನಗೆ ತಾನೇ ಅಂಕ ಹಾಕಿಕೊಳ್ಳಬೇಕು. ಆಮೇಲೆ ಪರಿಶೀಲನೆಗೆ ಬರುತ್ತಾರೆ, ಜಿಲ್ಲಾ ಸಮಿತಿ ಎಲೆ ಕೊಡುತ್ತದೆ.

ಯೋಜನೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸೋಲಾರ್ ದೀಪ, ಬಿದಿರಿನ ಕುರ್ಚಿ ಬಿಟ್ಟು ನೇರ ಶೌಚಗುಂಡಿಗೇ ಕೈ ಹಾಕಿದೆಯಲ್ಲ, ಅದಕ್ಕೇ ಮೆಚ್ಚಬೇಕು. ಆದರೆ ಕೃಷಿಕನ ಕಣ್ಣಿಗೆ ಅದರಲ್ಲಿ ಎರಡು ಕೊರತೆ ಕಾಣುತ್ತದೆ.

ಒಂದು, ಬಳಸಿದ ನೀರು ಎಲ್ಲಿಗೆ ಹೋಯಿತು ಎಂಬುದಕ್ಕೆ ಅಂಕ ಇದೆ. ಎಷ್ಟು ಎತ್ತಿದಿರಿ, ಎಲ್ಲಿಂದ ಎತ್ತಿದಿರಿ ಎಂಬುದಕ್ಕೆ ಈ ಮೂರು ಬಾಬಿನಲ್ಲಿ ಜಾಗವಿಲ್ಲ. ಸಣ್ಣ ಲೆಕ್ಕ ಹಾಕೋಣ. ಹೋಟೆಲಿನಲ್ಲಿ ಹಾಸಿಗೆಯೊಂದಕ್ಕೆ ದಿನಕ್ಕೆ 180 ಲೀಟರ್ ನೀರು ಬೇಕೆಂದು ನಮ್ಮ ದೇಶದ ಮಾನಕ ಸಂಸ್ಥೆಯೇ ಹೇಳುತ್ತದೆ. 25 ಕೋಣೆ, 50 ಹಾಸಿಗೆ ಎಂದರೆ 9,000 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಕೊಟ್ಟರೆ ಸಾಕು. ಹದಿನೆಂಟು ಎಂದು ಹಿಡಿಯಿರಿ. 9,000 ಲೀಟರಿನಲ್ಲಿ 500 ಮರ, ಅಂದರೆ ಹೆಚ್ಚುಕಮ್ಮಿ ಒಂದು ಎಕರೆ ತೋಟ. ಈಜುಕೊಳ, ರೇನ್ ಡ್ಯಾನ್ಸು ಇದರಲ್ಲಿ ಸೇರಿಲ್ಲ. ನಮ್ಮ ತೋಟಕ್ಕೆ ನೀರು ತುರ್ತಾಗಿ ಬೇಕಾದ ಏಪ್ರಿಲ್-ಮೇ ತಿಂಗಳೇ ಅವರಿಗೂ ಸೀಸನ್. ಮಕ್ಕಳಿಗೆ ರಜೆ ಮಳೆಗಾಲದಲ್ಲಿ ಕೊಡಿ ಎಂದು ನಾವು ಹೇಳಲಿಕ್ಕಾಗುತ್ತದೆಯೇ!

ಇನ್ನೊಂದು, ಪರಿಶೀಲನೆಗೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂಬುದು. ಸಾವಯವ ದೃಢೀಕರಣದಲ್ಲಿ ನಾವು ಇದೇ ಪಾಡು ಪಟ್ಟವರು. ಹೊರಗಿನ ಸಂಸ್ಥೆಯಿಂದ ಸರ್ಟಿಫಿಕೇಟ್ ಪಡೆಯಬೇಕೆಂದರೆ ಫೀ ಕಟ್ಟಬೇಕು, ದಾಖಲೆ ಇಡಬೇಕು, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಕಾಯಬೇಕು. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ. ಅದು ಸಣ್ಣವರಿಗೆ ಭಾರ ಎಂದೇ ಪಿಜಿಎಸ್ ಪದ್ಧತಿ ಬಂತು. ಐದಾರು ಕೃಷಿಕರ ಗುಂಪು, ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿ ಸಹಿ ಹಾಕುವುದು. ಪಕ್ಕದ ತೋಟದವ ಕದ್ದು ಯೂರಿಯಾ ಎರಚಿದರೆ ನನಗೆ ಗೊತ್ತಾಗದೆ ಇರುತ್ತದೆಯೇ? ಗೊಬ್ಬರದ ಚೀಲ ಹೊತ್ತ ಟೆಂಪೋ ನನ್ನ ಅಂಗಳದ ಎದುರಿನಿಂದಲೇ ಹೋಗಬೇಕು.

ರೆಸಾರ್ಟಿಗೂ ಅದೇ ಕ್ರಮ ಬರಲಿ ಎಂಬುದು ನನ್ನ ವಾದ. ಎಲೆ ಕೊಡುವ ಮೊದಲು ಅದರ ಕೆಳಗಡೆ, ಹಳ್ಳದ ಬದಿಯಲ್ಲಿರುವ ಇಬ್ಬರು ಮೂವರು ಕೃಷಿಕರ ಹೇಳಿಕೆ ಬರೆದುಕೊಳ್ಳಲಿ. ಅದರ ಮೇಲೆ ಅವರ ಸಹಿ ಇರಲಿ. ಪರಿಶೀಲನೆಗೆ ಬರುವವರು ಎಲ್ಲ ತೊಳೆದುಹೋಗುವ ಆಗಸ್ಟಿನಲ್ಲಿ ಬರುವುದು ಬೇಡ. ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಬರಲಿ. ಯಾರಿಗೆ ಯಾವ ಬಾಬಿನಲ್ಲಿ ಎಷ್ಟು ಅಂಕ ಬಂತೆಂದು ಪಂಚಾಯತಿಯ ಗೋಡೆಗೆ ಹಚ್ಚಲಿ.

‘ನಿಮಗೆ ರೆಸಾರ್ಟೇ ಬೇಡವೋ’ ಎಂದು ಕೆಲವರು ಕೇಳುತ್ತಾರೆ. ಬೇಡ ಎನ್ನಲು ನನಗೆ ಬಾಯಿಲ್ಲ. ನಮ್ಮ ತಾಲೂಕಿನ ಕೇಂದ್ರವಾಗಿದ್ದ ಸೂಪಾ ಊರೇ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಸುತ್ತಲಿನ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾರ್ಖಾನೆ ಬರುವ ಜಾಗವಲ್ಲ ಇದು. ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ರ‍್ಯಾಫ್ಟ್ ನಡೆಸುವ ಹುಡುಗರು, ಕೋಣೆ ಗುಡಿಸುವ ಹೆಂಗಸರು ನಮ್ಮ ಊರಿನವರೇ. ಅವರು ಗೋವೆಗೆ ದುಡಿಯಲು ಹೋಗದೆ ಸಂಜೆ ಮನೆಗೆ ಬರುತ್ತಾರೆ. ಅದು ಸಣ್ಣ ಮಾತಲ್ಲ.

ಆದರೆ ಅಡುಗೆಮನೆಗೆ ಹೋಗಿ ನೋಡಿ. ಜೋಯಿಡಾದಲ್ಲಿ ವರ್ಷಾವರ್ಷ ಗೆಡ್ಡೆ-ಗೆಣಸು ಮೇಳ ಆಗುತ್ತದೆ. ಕುಣಬಿ ಹೆಂಗಸರು ಹೊತ್ತು ತಂದ ಮುಡ್ಲಿ, ಕೆಸು, ಹೆಗ್ಗೆಣಸು ನೋಡಲು ದೂರದಿಂದ ಜನ ಬರುತ್ತಾರೆ. ರೆಸಾರ್ಟಿನ ಊಟದಲ್ಲಿ ಮಾತ್ರ ಗೋಬಿ ಮಂಚೂರಿ, ಆಲೂಗಡ್ಡೆ. ತರಕಾರಿ ಪೇಟೆಯಿಂದ ಟೆಂಪೋದಲ್ಲಿ ಬರುತ್ತದೆ. ಹಳಿಯಾಳದ ಗದ್ದೆಯ ಅಕ್ಕಿ, ನಮ್ಮ ಬಾಳೆಕಾಯಿ, ಮುರುಗಲು, ಜೇನು ಇಲ್ಲೇ ಇದ್ದೂ ಕೇಳುವವರಿಲ್ಲ. ಪ್ಲಾಸ್ಟಿಕ್ ತಟ್ಟೆ ಬಿಟ್ಟರೆ ‘ಹಸಿರು’ ಅಂತೆ, ಪಕ್ಕದ ಮನೆಯ ಅಡಿಕೆ ಹಾಳೆತಟ್ಟೆ ಕೊಂಡರೆ ಅದಕ್ಕೆ ಅಂಕವಿಲ್ಲ! ತಪ್ಪು ನಮ್ಮದೂ ಇದೆ. ವಾರಕ್ಕೆರಡು ಸಲ ಇಷ್ಟು ಕೇಜಿ ತಪ್ಪದೆ ಕೊಡುತ್ತೇವೆ ಎಂದು ನಾಲ್ಕು ಜನ ಕೂಡಿ ಹೇಳಿದ್ದು ನನಗೆ ನೆನಪಿಲ್ಲ.

ಜಮೀನು ಲೀಸಿಗೆ ಕೊಡುವವರಿಗೂ ಒಂದು ಮಾತು. ನನ್ನ ಪರಿಚಯದ ಒಬ್ಬರು ಹಡಿಲು ಬಿದ್ದ ಗದ್ದೆಯನ್ನು ಟೆಂಟ್ ಹಾಕುವವರಿಗೆ ಕೊಟ್ಟರು. ಕರಾರುಪತ್ರ ಓದಿದೆ. ಬಾಡಿಗೆ, ದಾರಿ, ಕರೆಂಟು ಕಂಬ ಎಲ್ಲ ಇದೆ. ಕೊಳೆನೀರು ಎಲ್ಲಿಗೆ, ಕಸ ಯಾರು ಒಯ್ಯಬೇಕು, ಬೋರ್ ಕೊರೆಯಬಹುದೋ ಬಾರದೋ, ಒಂದಕ್ಷರ ಇಲ್ಲ. ನಾಲ್ಕು ಸಾಲು ಸೇರಿಸಲು ನೋಟರಿ ಹೆಚ್ಚಿಗೆ ಹಣ ಕೇಳುವುದಿಲ್ಲ. ಮುಂಡಗೋಡದ ಕಡೆಯವರೂ ಇದನ್ನು ಈಗಲೇ ಯೋಚಿಸುವುದು ಒಳ್ಳೆಯದು. ಅತ್ತಿವೇರಿಯ ಹಕ್ಕಿ, 1966ರಿಂದ ಇರುವ ಟಿಬೆಟನ್ ನೆಲೆಯ ಮಠಗಳನ್ನು ನೋಡಲು ಬರುವವರಿಗೆ ಅಲ್ಲೂ ಕೋಣೆಗಳು ಏಳದೆ ಇರುವುದಿಲ್ಲ.

ಇಷ್ಟೆಲ್ಲ ಬರೆದು ಮನೆಯಲ್ಲಿ ಓದಿ ಹೇಳಿದೆ. ಹೆಂಡತಿ ಕೇಳಿ ಮುಗಿಸಿ, “ಮೊದಲು ನಮ್ಮ ಗುಂಡಿ ನೋಡಿ ಬನ್ನಿ” ಅಂದಳು. ನಮ್ಮಲ್ಲೂ ಮನೆಗೆ ತಾಗಿ ಎರಡು ಕೋಣೆ ಇವೆ, ಹೋಂಸ್ಟೇ ಮಾಡಿದ್ದೇವೆ. ಅದೇ 200 ಅಂಕದ ಲೆಕ್ಕ ಹಿಡಿದು ನೋಡಿದೆ. ಕಸದಲ್ಲಿ ಪಾಸು. ಹಸಿಕಸ ಗೊಬ್ಬರಗುಂಡಿಗೆ, ಬಾಟಲಿ ತಂದವರು ಅವರೇ ವಾಪಸ್ ಒಯ್ಯಬೇಕು. ಬಚ್ಚಲ ನೀರು ಅಜ್ಜನ ಕಾಲದಿಂದಲೂ ಬಾಳೆಬುಡಕ್ಕೆ, ಅದೂ ಅಡ್ಡಿಯಿಲ್ಲ. ಶೌಚದ ಟಾಂಕಿ ಮಾತ್ರ ನಪಾಸು. ಅದರಿಂದ ಹೊರಬರುವ ನೀರಿಗೆ ಇಂಗುಗುಂಡಿಯೇ ಇಲ್ಲ. ಮೇಸ್ತ್ರಿ ಪೈಪನ್ನು ತೋಟದ ಬಸಿಗಾಲುವೆಗೆ ಬಿಟ್ಟು ಹೋಗಿದ್ದಾನೆ. ಅದು ಹೋಗಿ ಸೇರುವುದು ಅದೇ ಹಳ್ಳಕ್ಕೆ. ನನ್ನ ಕೆಳಗೂ ಎರಡು ತೋಟ ಇವೆ, ಅವರು ಇದುವರೆಗೆ ನನ್ನ ಹತ್ತಿರ ಕೇಳಲು ಬಂದಿಲ್ಲ ಅಷ್ಟೆ.

ಈಗ ಕೆಂಪುಕಲ್ಲು ತರಿಸಿದ್ದೇನೆ. ಬಾವಿಯಿಂದ ದೂರ, ಎತ್ತರದ ಜಾಗದಲ್ಲಿ ಇಂಗುಗುಂಡಿ ತೋಡಿಸುತ್ತಿದ್ದೇನೆ. ಮಳೆ ಹಿಡಿಯುವ ಮೊದಲು ಮುಗಿಯಬೇಕು. ಮುಗಿದ ಮೇಲೆ ಮೇಲಿನ ರೆಸಾರ್ಟಿನ ಆ ಮ್ಯಾನೇಜರನನ್ನು ಚಹಾಕ್ಕೆ ಕರೆಯುವವನಿದ್ದೇನೆ. ಕೆಳಗಿನ ತೋಟದವರನ್ನೂ.