50 ಗಂಟೆ ತರಬೇತಿಯಲ್ಲಿ ಜಾತಿಗೆಷ್ಟು ನಿಮಿಷ?

ನಾಲ್ಕನೇ ಕ್ಲಾಸಲ್ಲಿ ನಮ್ಮ ಮೇಷ್ಟ್ರು ನನ್ನ ಸ್ಲೇಟು ಮುಟ್ಟುತ್ತಿರಲಿಲ್ಲ. ನೆಲದ ಮೇಲಿಡು ಅನ್ನೋರು, ಬಗ್ಗಿ ನೋಡೋರು. ತರಬೇತಿ ಇಲ್ಲದವರೇನಲ್ಲ, ಟಿಸಿಎಚ್ ಮುಗಿಸಿದವರು. ಲೆಕ್ಕ ಚೆನ್ನಾಗೇ ಹೇಳಿಕೊಡ್ತಿದ್ರು, ಸುಳ್ಳು ಯಾಕೆ ಹೇಳಲಿ.

ಈಗ ನಮ್ಮಕ್ಕನ ಮಗಳು ಡಿ.ಇಡಿ ಮಾಡಿ ಅತಿಥಿ ಶಿಕ್ಷಕಿ. ಹೋದ ವಾರ ರಾತ್ರಿ ಫೋನ್ ಮಾಡಿ ಅತ್ತಳು. ಬಿಸಿಯೂಟದ ಅಡುಗೆಗೆ ನಮ್ಮ ಕೇರಿಯ ಹೆಂಗಸು ಬಂದ ದಿನದಿಂದ ಏಳೆಂಟು ಮಕ್ಕಳು ಮನೆಯಿಂದ ಡಬ್ಬಿ ತರ್ತಿದ್ದಾವಂತೆ. "ಏನ್ ಮಾಡ್ಲಿ ಮಾಮ? ಕಾಲೇಜಲ್ಲಿ ಇದನ್ನ ಯಾರೂ ಹೇಳಿಕೊಡಲಿಲ್ಲ." ಹೆಡ್‌ಮಾಸ್ಟರು "ಅಡ್ಜಸ್ಟ್ ಮಾಡ್ಕೊಳಮ್ಮ" ಅಂದರಂತೆ. ಸಿಆರ್‌ಪಿ ಬಂದು ನಲಿ-ಕಲಿ ಕಾರ್ಡು ನೋಡಿ, ಸಹಿ ಹಾಕಿ ಹೋದರಂತೆ.

ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ತರಬೇತಿ ಬೇಕು ಅನ್ನುತ್ತೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. (ಆ ನೀತಿ ಬಗ್ಗೆ ನಮ್ಮ ತಕರಾರು ಬೇರೆಯೇ ಇದೆ, ಅದಿರಲಿ.) ಆ 50ರಲ್ಲಿ ತರಗತಿಯೊಳಗಿನ ಜಾತಿಗೆ ಎಷ್ಟು ನಿಮಿಷ? ಪಾಠ ಮಾಡಲು ಹೊರಟ ಸಾವಿತ್ರಿಬಾಯಿಗೆ ಸೆಗಣಿ ಎರಚಿದಾಗ ಬೆನ್ನಿಗೆ ಜ್ಯೋತಿಬಾ ಇದ್ದರು. ಈ ಹುಡುಗಿಗೆ ಯಾರಿದಾರೆ?

ಸೋಮವಾರ ನಾಲ್ಕು ಜನ ಬಿಇಒ ಆಫೀಸಿಗೆ ಹೋಗ್ತಿದ್ದೀವಿ. ಡಯಟ್ ತರಬೇತಿಯಲ್ಲಿ ಇದಕ್ಕೆ ಒಂದು ದಿನ ಇಡಿ, ಅತಿಥಿ ಶಿಕ್ಷಕರನ್ನೂ ಕರೀರಿ ಅಂತ ಕೇಳ್ತೀವಿ. ಅವಳ ಹೆಸರು ಹೇಳಲ್ಲ, ಮಾರ್ಚ್‌ಗೆ ಮುಗಿಯೋ ಕೆಲಸ ಅವಳದ್ದು. ಬರೋರು ಬನ್ನಿ.

ಜೈಭೀಮ್.