ಡೇಟು ನೋಡಿದ್ರಿ, ಸೀಲು ನೋಡಿದ್ರೇನು?

ಪ್ಯಾಕೆಟ್ ಕೈಗೆ ಬಂದ ಕೂಡಲೇ ನಾವು ಮೊದಲು ನೋಡೋದು ಡೇಟು. ಆಮೇಲೆ ಹಿಂದೆ ತಿರುಗಿಸಿ ಸಕ್ಕರೆ ಎಷ್ಟು, ಪಾಮ್ ಆಯಿಲ್ ಐತೇನು ಅಂತ ಓದ್ತೀವಿ. ಓದಬ್ಯಾಡ್ರಿ ಅನ್ನಂಗಿಲ್ಲ ನಾ. ಆದರೆ ಆ ಡೇಟು ನಿಂತಿರೋದೇ ಸೀಲು ಗಟ್ಟಿ ಐತಿ ಅನ್ನೋ ನಂಬಿಕೆ ಮೇಲೆ. ಸೀಲಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿದ್ದರೆ 'ಮೂರು ತಿಂಗಳು ಬಾಳಿಕೆ' ಅನ್ನೋದು ಬರೇ ಶಾಯಿ.

2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿತಿಂಡಿಗೂ ಬಾಳಿಕೆಯ ದಿನಾಂಕ ತೋರಿಸಬೇಕೆಂದು ಎಫ್‌ಎಸ್‌ಎಸ್‌ಎಐ ಹೇಳಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕಬಾರದು ಅಂತು. ಎರಡೂ ಛಲೋ. ಆದರೆ ಕಣ್ಣಿಗೆ ಕಾಣೋ ಬಣ್ಣಕ್ಕೆ ಟಿವಿ ತುಂಬಾ ಗದ್ದಲ, ಕಾಣದ ಸಂದಿನ ಬಗ್ಗೆ ಯಾರದೂ ಸುದ್ದಿಲ್ಲ.

ನಮ್ಮ ಹುಬ್ಬಳ್ಳಿ-ಧಾರವಾಡದ ಶೇಂಗಾ ಹಿಂಡಿಯನ್ನೇ ತೊಗೊಳ್ರಿ (ಬೆಂಗಳೂರಿನವರು ಶೇಂಗಾ ಚಟ್ನಿಪುಡಿ ಅಂತ ಓದಿಕೊಳ್ಳಿ). ತುಂಬುವಾಗ ಒಂದು ಚಿಟಿಕೆ ಪುಡಿ ಸೀಲ್ ಆಗೋ ಜಾಗಕ್ಕೆ ಸಿಡಿದು ಕೂತರೆ ಸಾಕು, ಮಷಿನ್ ಬಿಸಿ ಒತ್ತಿದರೂ ಎರಡು ಪದರ ಅಲ್ಲಿ ಹತ್ತೋದಿಲ್ಲ. ಮ್ಯಾಲೆ ನೋಡಿದರ ಎಲ್ಲಾ ಬರೋಬರಿ. ಒಳಗೆ ಗಾಳಿ ಹೊಕ್ಕು ಎಣ್ಣೆ ಕಮಟು ಹಿಡೀತದೆ. ಪಸೆ ಹೆಚ್ಚಾದರೆ ಬೂಷ್ಟು. ಶೇಂಗಾಕ್ಕೆ ಹತ್ತೋ ಕೆಲವು ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಹುಟ್ಟಬಹುದು, ಅದು ಲಿವರ್ ಕ್ಯಾನ್ಸರ್ ತರಬಲ್ಲ ವಿಷ.

ಸೀಲು ಹೆಂಗ ಚೆಕ್ ಮಾಡ್ತೀರಿ ಅಂತ ಹಿಂಡಿ ಮಾಡಿ ಮಾರೋ ಮಹಿಳಾ ಸಂಘದ ಅಕ್ಕಾರೊಬ್ಬರನ್ನು ಕೇಳಿದೆ. "ಕೈಲೆ ಜಗ್ಗಿ ನೋಡ್ತೀವಿ ತಮ್ಮಾ, ಮತ್ತೇನ್ ಮಾಡೋದು?" ಅಂದರು. ಕಾರ್ಖಾನೆಗಳ ಹಳೇ ಪದ್ಧತಿಯೂ ಭಾರಿ ಏನಲ್ಲ. ಲಾಟಿನಿಂದ ನಾಕಾರು ಪ್ಯಾಕೆಟ್ ಆರಿಸಿ, ನೀರಿನಲ್ಲಿ ಮುಳುಗಿಸಿ, ಮೇಲಿನ ಗಾಳಿ ಎಳೆದು, ಗುಳ್ಳೆ ಬರ್ತಾವೇನು ನೋಡೋದು. ನೋಡಿದ ಪ್ಯಾಕೆಟ್ ಮಾರಾಕ ಬರಂಗಿಲ್ಲ, ಮಾರೋ ಪ್ಯಾಕೆಟ್ ನೋಡಿರಂಗಿಲ್ಲ.

ಇಲ್ಲಿಗೆ ಬೇಕಾದದ್ದು ಅಲ್ಟ್ರಾಸೌಂಡ್. ಹೌದ್ರೀ, ಅದೇ. 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಅಂತ ಬೋರ್ಡ್ ಹಾಕಿರ್ತಾರಲ್ಲ, ಆ ಸ್ಕ್ಯಾನಿಂಗ್ ಸೆಂಟರಿನದೇ ಜಾತಿ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ಕಂಪಿಸುವ, ಕಿವಿಗೆ ಕೇಳದ ಶಬ್ದವನ್ನು ಸೀಲಿನ ಈ ಕಡೆಯಿಂದ ಬಿಟ್ಟು ಆ ಕಡೆ ಹಿಡೀತಾರೆ. ಪದರಗಳು ಬೆಸೆದಿದ್ದರೆ ಶಬ್ದ ಹಾಯ್ತದೆ, ನಡುವೆ ಗಾಳಿ ಇದ್ದರೆ ಬಹುಪಾಲು ವಾಪಸ್. ಜೆಲ್ ಬ್ಯಾಡ, ನೀರು ಬ್ಯಾಡ, ಹರಿಯೋದಂತೂ ಬ್ಯಾಡ. ಬೆಲ್ಟಿನ ಮೇಲೆ ಹೋಗ್ತಾ ಹೋಗ್ತಾ ಪ್ರತಿ ಪ್ಯಾಕೆಟ್ಟಿನ ಸೀಲೂ ಪರೀಕ್ಷೆ ಆಗ್ತದೆ. ಕ್ಯಾಮೆರಾಕ್ಕೆ ಒಳಗಿನದು ಕಾಣದ ಅಲ್ಯೂಮಿನಿಯಂ ಪೌಚನ್ನೂ ಇದು ನೋಡಬಲ್ಲದು.

ಸೇಲ್ಸ್‌ನವರು ಇದನ್ನ ಮಂತ್ರದಂಡ ಅನ್ನೋ ಹಂಗ ಮಾರಿದರೆ ನಂಬಬ್ಯಾಡ್ರಿ. ಗಾಳಿ ತುಂಬಿದ ಚಿಪ್ಸ್ ಪ್ಯಾಕೆಟ್ಟಿನಲ್ಲೋ ಹಿಂಡಿಯಂಥ ಪುಡಿಯಲ್ಲೋ ಅಡಗಿದ ಹರಳು ಇದಕ್ಕೆ ಸಿಗೋದು ಕಷ್ಟ. ಕಲ್ಲು-ಗಾಜಿಗೆ ಎಕ್ಸ್‌ರೇ, ಮೊಳೆ-ಪಿನ್ನಿಗೆ ಮೆಟಲ್ ಡಿಟೆಕ್ಟರ್ ಬೇರೆಯೇ ಬೇಕು.

ಸಣ್ಣವರ ತಲೆ ಮೇಲೆ ಯಾಕ ಈ ಭಾರ ಅಂತೀರಿ? ಈಗ ಭಾರ ಹೊತ್ತಿರೋರು ಅವರೇ. ಒಂದು ಪ್ಯಾಕೆಟ್ ಕಮಟು ಬಂದರೆ ನಾವು ಆ್ಯಪ್‌ನಲ್ಲಿ ಒಂದು ಸ್ಟಾರ್ ಒತ್ತಿ ಫೋಟೋ ಏರಿಸ್ತೀವಿ. ದೊಡ್ಡ ಬ್ರ್ಯಾಂಡು ಇನ್ನೊಂದು ಜಾಹೀರಾತು ಬಿಟ್ಟು ಪಾರಾಗ್ತದೆ. ಸಂಘದ ಅಕ್ಕಾರಿಗೆ ಆ ತಿಂಗಳ ಆರ್ಡರ್ರೇ ಹೋಗ್ತದೆ.

ಅವರಿಗೆ ಸ್ವಂತ ಮಷಿನ್ ತೊಗೊಳ್ರಿ ಅನ್ನೋದು ಹುಚ್ಚುತನ. 2020ರ ಪಿಎಂಎಫ್‌ಎಂಇ ಯೋಜನೆಯಲ್ಲಿ ಒಂದೊಂದು ಸಣ್ಣ ಘಟಕಕ್ಕೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ ಐತಿ. ಹಲವರು ಕೂಡಿ ಬಳಸೋ ಸೌಲಭ್ಯಕ್ಕೂ ನೆರವು ಐತಿ. ಊರಾಗ 1986ರ ಕೃಷಿ ವಿಶ್ವವಿದ್ಯಾಲಯ, 2016ರ ಐಐಟಿ ಎರಡೂ ಅದಾವ. ತಾರಿಹಾಳದಲ್ಲೋ ರಾಯಾಪುರದಲ್ಲೋ ಒಂದು ಶೆಡ್ಡು, ಒಂದು ಬೆಲ್ಟು, ಒಂದು ಮಷಿನ್ ಇಟ್ಟರೆ ತುಂಬಿದ ಪ್ಯಾಕೆಟ್ ಟೆಂಪೋದಾಗ ತಂದು ಹಾಯಿಸಿಕೊಂಡು ಹೋಗಬಹುದು. ಎಫ್‌ಎಂಸಿಜಿ ಕ್ಲಸ್ಟರ್ ಅಂತ ಭಾಷಣ ಮಾಡಾಕ ಬರೋರನ್ನ ಎಷ್ಟು ಎಕರೆ, ಎಷ್ಟು ಕೋಟಿ ಅಂತ ಕೇಳೋರು ಬಹಳ ಮಂದಿ. ನಾ ಕೇಳೋದು ಇಷ್ಟೇ: ಅಕ್ಕಾರು ಸೀಲು ಎಲ್ಲಿ ಚೆಕ್ ಮಾಡಿಸಬೇಕು, ಪ್ಯಾಕೆಟ್ಟಿಗೆ ಎಷ್ಟು ಪೈಸೆ?